ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಗೆ ವಿದೇಶಿ ಯುದ್ಧಗಳು ನೆರವಾದವೇ, ಅಡ್ಡಿಯಾದವೇ?

ಪ್ರಶ್ನೆ — ಶಾಲ್ಮಲಾತೀರ

ಪದವಿ ತರಗತಿಗೆ ಆಧುನಿಕ ಅಮೆರಿಕದ ಇತಿಹಾಸವನ್ನು ಪಾಠ ಮಾಡುವಾಗ ನನ್ನನ್ನು ಕಾಡುವ ತೊಡಕೊಂದಿದೆ. ನಮ್ಮ ಪಠ್ಯದಲ್ಲಿ ನಾಗರಿಕ ಹಕ್ಕುಗಳ ಚಳವಳಿಗೆ ಒಂದು ಅಧ್ಯಾಯ, ವಿಯೆಟ್ನಾಂ ಯುದ್ಧಕ್ಕೆ ಮತ್ತೊಂದು ಅಧ್ಯಾಯ. ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಈ ವಿಂಗಡಣೆ ನಿಲ್ಲುವುದಿಲ್ಲ. 1964ರ ಆಗಸ್ಟ್ 4ರಂದು ಮಿಸಿಸಿಪ್ಪಿಯಲ್ಲಿ ಕೊಲೆಯಾದ ಮೂವರು ಕಾರ್ಯಕರ್ತರ ಶವಗಳು ಸಿಕ್ಕಿದವು. ವಿಯೆಟ್ನಾಂ ಬಳಿಯ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡನೆಯ ದಾಳಿ ನಡೆಯಿತೆಂದು ಸರ್ಕಾರ ಹೇಳಿದ್ದೂ ಅದೇ ದಿನ. 1965ರ ಮಾರ್ಚ್ 7ರಂದು ಅಲಬಾಮಾ ರಾಜ್ಯದ ಸೆಲ್ಮಾದ ಸೇತುವೆಯ ಬಳಿ ಮತದಾನದ ಹಕ್ಕು ಕೇಳಿ ಹೊರಟವರ ಮೇಲೆ ಲಾಠಿ ಬೀಸಿದರು. ಮರುದಿನವೇ ಸುಮಾರು 3,500 ಮರೀನ್ ಸೈನಿಕರು ದಕ್ಷಿಣ ವಿಯೆಟ್ನಾಮಿನ ಡಾನಾಂಗ್‌ನಲ್ಲಿ ಇಳಿದರು. ಹಾಗಾದರೆ ಶೀತಲ ಸಮರ ಮತ್ತು ಅದರ ಯುದ್ಧಗಳು ಕಪ್ಪು ಜನರ ಹೋರಾಟವನ್ನು ಮುಂದಕ್ಕೆ ತಳ್ಳಿದವೇ, ಹಿಂದಕ್ಕೆ ಎಳೆದವೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ — ಹಳೆಯಕಡತ

ಮೊದಲ ಹಂತದಲ್ಲಿ ನೆರವಾಯಿತೆಂದೇ ನನ್ನ ಅಭಿಪ್ರಾಯ. ಏಷ್ಯಾ ಮತ್ತು ಆಫ್ರಿಕಾದ ಹೊಸ ರಾಷ್ಟ್ರಗಳನ್ನು ಸೋವಿಯತ್ ಒಕ್ಕೂಟದತ್ತ ವಾಲದಂತೆ ನೋಡಿಕೊಳ್ಳಬೇಕಿದ್ದ ಸರ್ಕಾರಕ್ಕೆ, ಮನೆಯೊಳಗಿನ ವರ್ಣಭೇದವು ನ್ಯಾಯದ ಪ್ರಶ್ನೆಯಾಗುವ ಮೊದಲೇ ಮುಜುಗರದ ಪ್ರಶ್ನೆಯಾಗಿತ್ತು. ಶಾಲೆಗಳ ಪ್ರತ್ಯೇಕತೆಯನ್ನು ಕುರಿತ ಬ್ರೌನ್ ಮೊಕದ್ದಮೆಯಲ್ಲಿ ನ್ಯಾಯಾಂಗ ಇಲಾಖೆಯು 1952ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಹೇಳಿಕೆ ಇದಕ್ಕೆ ನೇರ ಸಾಕ್ಷಿ; ಈ ಭೇದಭಾವದಿಂದ ವಿದೇಶಾಂಗ ವ್ಯವಹಾರಕ್ಕೆ ಆಗುತ್ತಿರುವ ಹಾನಿಯ ಬಗ್ಗೆ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಅವರ ಮಾತುಗಳನ್ನೇ ಅದರಲ್ಲಿ ಉಲ್ಲೇಖಿಸಲಾಗಿತ್ತು.

ಮುಜುಗರದ ಪ್ರಸಂಗಗಳಿಗಂತೂ ಬರವಿರಲಿಲ್ಲ. 1955ರಲ್ಲಿ ಭಾರತದ ರಾಯಭಾರಿ ಜಿ.ಎಲ್. ಮೆಹ್ತಾ ಅವರಿಗೇ ಹೂಸ್ಟನ್ ವಿಮಾನ ನಿಲ್ದಾಣದ ಉಪಾಹಾರಗೃಹದಲ್ಲಿ ಬೇರೆ ಕೋಣೆಗೆ ಹೋಗುವಂತೆ ಹೇಳಲಾಯಿತು. ವಿದೇಶಾಂಗ ಕಾರ್ಯದರ್ಶಿ ಡಲೆಸ್ ವಿಷಾದ ಸೂಚಿಸಬೇಕಾಯಿತು. 1957ರಲ್ಲಿ ಘಾನಾದ ಹಣಕಾಸು ಸಚಿವ ಗ್ಬೆಡೆಮಾ ಅವರಿಗೆ ಡೆಲವೇರ್‌ನ ಹೋಟೆಲೊಂದರಲ್ಲಿ ಕುಳಿತು ಕಿತ್ತಳೆ ರಸ ಕುಡಿಯಲು ಅವಕಾಶ ಸಿಗದಿದ್ದಾಗ ಅಧ್ಯಕ್ಷ ಐಸೆನ್‌ಹೋವರ್ ಅವರು ಈ ಸಚಿವರನ್ನು ಶ್ವೇತಭವನಕ್ಕೆ ಉಪಾಹಾರಕ್ಕೆ ಕರೆದರು. ಅತಿಥಿಗೆ ಉಪಾಹಾರವೇನೋ ಸಿಕ್ಕಿತು, ಅದೇ ಊರಿನ ಕಪ್ಪು ಪ್ರಜೆಗೆ ಏನೂ ಸಿಗಲಿಲ್ಲ. ಆ ಸೆಪ್ಟೆಂಬರ್‌ನಲ್ಲಷ್ಟೇ ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯಲಾಗಿದ್ದ ಲಿಟಲ್ ರಾಕ್ ಶಾಲೆಗೆ ಸೇನೆಯನ್ನು ಕಳುಹಿಸುವಾಗ, ನಮ್ಮ ಶತ್ರುಗಳು ಈ ಘಟನೆಯನ್ನು ಕಂಡು ಹಿಗ್ಗುತ್ತಿದ್ದಾರೆಂದು ಐಸೆನ್‌ಹೋವರ್ ಅವರು ರಾಷ್ಟ್ರಕ್ಕೆ ಹೇಳಿದ್ದರು.

ಉತ್ತರ — ಕೆಂಪುಶಾಯಿ

ಹಳೆಯಕಡತ ಅವರು ಕೊಟ್ಟ ವಿವರಗಳನ್ನು ಒಪ್ಪುತ್ತೇನೆ, ನಿರ್ಣಯವನ್ನಲ್ಲ. ಸರ್ಕಾರದ ಮುಜುಗರ ತಾನಾಗಿ ಕಾನೂನಾಗಲಿಲ್ಲ. ಅದನ್ನು ಸನ್ನೆಗೋಲಿನಂತೆ ಬಳಸಿದವರಿದ್ದರು. ರೈಲಿನ ಮಲಗುವ ಬೋಗಿಗಳ ಪರಿಚಾರಕರ ಸಂಘದ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರು 1941ರಲ್ಲಿ ವಾಷಿಂಗ್ಟನ್ನಿಗೆ ಬೃಹತ್ ಮೆರವಣಿಗೆ ತರುವೆನೆಂದು ಬೆದರಿಸಿದ ಮೇಲೆಯೇ ರೂಸ್‌ವೆಲ್ಟ್ ಅವರು ಯುದ್ಧ ಸಾಮಗ್ರಿ ಕಾರ್ಖಾನೆಗಳಲ್ಲಿ ವರ್ಣದ ಆಧಾರದ ತಾರತಮ್ಯವನ್ನು ನಿಷೇಧಿಸಿದರು. 1948ರಲ್ಲಿ ಕಡ್ಡಾಯ ಸೇನಾಭರ್ತಿಯನ್ನು ಧಿಕ್ಕರಿಸುವಂತೆ ಯುವಕರಿಗೆ ಕರೆ ಕೊಡುವೆನೆಂದು ಅವರೇ ಹೇಳಿದರು; ಜುಲೈ 26ರಂದು ಸೇನೆಯಲ್ಲಿ ವರ್ಣಭೇದವಿಲ್ಲದೆ ಸಮಾನ ಅವಕಾಶವನ್ನು ಘೋಷಿಸಿದ, ಅಧ್ಯಕ್ಷ ಟ್ರೂಮನ್ ಅವರ 9981ನೆಯ ಆದೇಶ ಬಂದಿತು. ಆದೇಶ ಬಂದರೂ ಭೂಸೇನೆ ಕದಲಿರಲಿಲ್ಲ. ಕೊರಿಯಾದಲ್ಲಿ ಬಿಳಿಯರ ತುಕಡಿಗಳಿಗೆ ಆಳುಗಳು ಸಾಲದಾದಾಗಲೇ ಕಪ್ಪು ಸೈನಿಕರನ್ನು ಅವುಗಳೊಳಗೆ ಸೇರಿಸಿಕೊಳ್ಳಲಾಯಿತು.

ಇನ್ನು ತೆತ್ತ ಬೆಲೆಯ ಮಾತು. ಕಪ್ಪು ಜನರ ಅಹವಾಲನ್ನು 1947ರಲ್ಲಿ ವಿಶ್ವಸಂಸ್ಥೆಯ ಮುಂದಿಡಲು ಶ್ರಮಿಸಿದ ಚಿಂತಕ ಡಬ್ಲ್ಯೂ.ಇ.ಬಿ. ಡು ಬೋಯಿಸ್ ಅವರನ್ನು, ಅವರೂ ಸೇರಿ ಕಟ್ಟಿದ, ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಸ್ಥೆಯು ಮರುವರ್ಷವೇ ಹೊರಹಾಕಿತು. 1951ರಲ್ಲಿ, ಎಂಬತ್ತು ದಾಟಿದ ಅವರ ಮೇಲೆ ವಿದೇಶಿ ಏಜೆಂಟರೆಂಬ ದೋಷಾರೋಪ ಹೊರಿಸಲಾಯಿತು. ಖುಲಾಸೆಯಾದರೂ ಪಾಸ್‌ಪೋರ್ಟ್ ಸಿಗಲು 1958 ಬರಬೇಕಾಯಿತು. ಗಾಯಕ ಪಾಲ್ ರೋಬ್ಸನ್ ಅವರ ಪಾಸ್‌ಪೋರ್ಟನ್ನು ಕಿತ್ತುಕೊಂಡದ್ದು 1950ರಲ್ಲಿ. ವಸಾಹತುಶಾಹಿಯನ್ನೂ ಬಡತನವನ್ನೂ ವರ್ಣಭೇದದ ಜೊತೆಗಿಟ್ಟು ಮಾತನಾಡುವ ಧಾರೆಯನ್ನೇ ಶೀತಲ ಸಮರ ಹೀಗೆ ಕತ್ತರಿಸಿತು. ಉಳಿದದ್ದು ಶಾಲೆ, ಬಸ್ಸು, ಮತಪೆಟ್ಟಿಗೆ. ಇವು ಚಿಕ್ಕ ಗೆಲುವುಗಳಲ್ಲ, ಆದರೆ ಕೂಲಿ ಮತ್ತು ವಸತಿಯ ಬೇಡಿಕೆ ಹಿಂದೆ ಸರಿಯಿತು.

ಉತ್ತರ — ತುಂಗಾವಾಸಿ

ಪ್ರಶ್ನೆಯಲ್ಲಿ ಸೆಲ್ಮಾ ಮತ್ತು ಡಾನಾಂಗ್‌ಗಳನ್ನು ಜೊತೆಗಿಟ್ಟಿದ್ದೀರಿ. ಆ ಕಾಲದವರಿಗೂ ಅದು ಕಂಡಿತ್ತು: ಸೇತುವೆಯ ಬಳಿ ತಲೆಗೆ ಪೆಟ್ಟು ತಿಂದ ಜಾನ್ ಲೂಯಿಸ್ ಅವರು, ವಿಯೆಟ್ನಾಮಿಗೆ ಸೈನ್ಯ ಕಳುಹಿಸಬಲ್ಲ ಅಧ್ಯಕ್ಷ ಜಾನ್ಸನ್ ಅವರಿಗೆ ಸೆಲ್ಮಾಗೆ ಕಳುಹಿಸಲು ಏಕಾಗದೆಂದು ಅಂದೇ ಕೇಳಿದ್ದರು.

ಒಡಕು ಬಹಿರಂಗವಾದದ್ದು 1966ರ ಜನವರಿಯಲ್ಲಿ. ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಬಂದಿದ್ದ ವಿದ್ಯಾರ್ಥಿ ಸ್ಯಾಮಿ ಯಂಗ್ ಅವರನ್ನು, ಬಿಳಿಯರಿಗೆ ಮೀಸಲಾದ ಶೌಚಾಲಯದ ವಿಷಯವಾಗಿ ನಡೆದ ಜಗಳದಲ್ಲಿ, ಟಸ್ಕೀಗಿಯ ಪೆಟ್ರೋಲ್ ಬಂಕಿನ ಬಳಿ ಗುಂಡಿಕ್ಕಿ ಕೊಲ್ಲಲಾಯಿತು. ಕೆಲವೇ ದಿನಗಳಲ್ಲಿ ವಿದ್ಯಾರ್ಥಿ ಸಂಘಟನೆಯಾದ ಎಸ್‌ಎನ್‌ಸಿಸಿ ಯುದ್ಧವನ್ನು ವಿರೋಧಿಸಿ ಹೇಳಿಕೆ ಹೊರಡಿಸಿತು. ಅದನ್ನು ಬೆಂಬಲಿಸಿದ ಕಾರಣಕ್ಕೆ ಜಾರ್ಜಿಯಾದ ಶಾಸನಸಭೆಯು ಜನರಿಂದ ಆಯ್ಕೆಯಾಗಿದ್ದ ಜೂಲಿಯನ್ ಬಾಂಡ್ ಅವರಿಗೆ ಪ್ರಮಾಣವಚನವನ್ನೇ ನಿರಾಕರಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅವರ ಪರ ತೀರ್ಪಿತ್ತಿತು.

ಮಾರ್ಟಿನ್ ಲೂಥರ್ ಕಿಂಗ್ ಅವರು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಯುದ್ಧದ ವಿರುದ್ಧ ಮಾತನಾಡಿದ್ದು 1967ರ ಏಪ್ರಿಲ್ 4ರಂದು. ಬಡತನ ನಿವಾರಣೆಗೆ ಸಲ್ಲಬೇಕಾದ ಹಣವನ್ನು ಯುದ್ಧ ನುಂಗುತ್ತಿದೆ ಎಂಬುದು ಅವರ ವಾದದ ಮುಖ್ಯ ಎಳೆ. ಪತ್ರಿಕೆಗಳು ಅವರನ್ನು ಖಂಡಿಸಿದವು. ಎರಡು ಚಳವಳಿಗಳನ್ನು ಬೆಸೆಯುವುದು ತಪ್ಪು ತಂತ್ರವೆಂದು ಎನ್‌ಎಎಸಿಪಿ ಕೂಡ ನಿರ್ಣಯಿಸಿತು. ಕೆಂಪುಶಾಯಿ ಅವರು ಹೇಳಿದ ಕತ್ತರಿಸಿದ ಧಾರೆ ಮತ್ತೆ ಹರಿಯತೊಡಗಿದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಶಾಲ್ಮಲಾತೀರ

ಎಲ್ಲರಿಗೂ ವಂದನೆಗಳು. ವಿಯೆಟ್ನಾಮಿನಲ್ಲಿ ಸತ್ತವರಲ್ಲಿ ಕಪ್ಪು ಸೈನಿಕರ ಪಾಲು ವಿಪರೀತವಾಗಿತ್ತೆಂದು ವಿದ್ಯಾರ್ಥಿಗಳಿಗೆ ಹೇಳಬಹುದೇ?

ಉತ್ತರ — ಹಳೆಯಕಡತ

ಯಾವ ಅವಧಿಯೆಂದು ಸೇರಿಸಿ ಹೇಳಿರಿ. ಕಪ್ಪು ಜನರು ಜನಸಂಖ್ಯೆಯಲ್ಲಿ ಸುಮಾರು ಶೇ. 11ರಷ್ಟಿದ್ದಾಗ, ಯುದ್ಧದ ಆರಂಭದ ವರ್ಷಗಳ ಸಾವುಗಳಲ್ಲಿ ಅವರ ಪಾಲು ಶೇ. 20ನ್ನು ಮುಟ್ಟಿತ್ತು. ಟೀಕೆ ಎದ್ದ ಮೇಲೆ ಅದು ಇಳಿಯಿತು. ಇಡೀ ಯುದ್ಧದಲ್ಲಿ ಸತ್ತ 58,000ಕ್ಕೂ ಹೆಚ್ಚು ಅಮೆರಿಕನ್ನರಲ್ಲಿ ಅವರು ಶೇ. 12ರಿಂದ 13ರಷ್ಟು. ಜೊತೆಗೆ, 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ ಅವರು ಅರ್ಹತೆಯ ಮಟ್ಟವನ್ನು ಇಳಿಸಿ ಆರಂಭಿಸಿದ ಭರ್ತಿ ಯೋಜನೆಯನ್ನೂ ಪಾಠದಲ್ಲಿ ಸೇರಿಸಿಕೊಳ್ಳಿರಿ. ಅದರಡಿ ಸೇರಿದ ಮೂರು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು ಶೇ. 40ರಷ್ಟು ಕಪ್ಪು ಯುವಕರಿದ್ದರು, ಮತ್ತು ಅದನ್ನು ಸರ್ಕಾರ ಬಡತನ ನಿವಾರಣೆಯ ಕ್ರಮವೆಂದೇ ಬಣ್ಣಿಸಿತ್ತು.