ಪಿಯುಸಿಲಿ ಓದಿದ್ದ 'ಕಾರೆ ಕಾನೊ' ಈಗ ಮತ್ತೆ ಓದ್ಬಹುದಾ? ಓದಿದೋರು ಅನುಭವ ಹೇಳಿ

ಎಲ್ರಿಗೂ ನಮಸ್ಕಾರ. ಪಿಯುಸಿ ಟೈಮಲ್ಲಿ ನಾನು ಊಟ ನಿದ್ದೆ ಬಿಟ್ಟು ಓದಿದ ಮಂಗಾ (ಜಪಾನಿ ಕಾಮಿಕ್ಸ್) ಅಂದ್ರೆ ಮಸಾಮಿ ತ್ಸುದಾ ಅವ್ರ 'ಕಾರೆ ಕಾನೊ', ಪೂರ್ತಿ ಹೆಸರು 'ಕಾರೆಶಿ ಕಾನೊಜೊ ನೊ ಜಿಜೋ', ಅವನ ಅವಳ ಸಮಾಚಾರ ಅನ್ಬಹುದೇನೋ. ಗೊತ್ತಿಲ್ದೋರಿಗೆ ಹೇಳ್ತೀನಿ, ಯುಕಿನೋ ಅಂತ ಒಬ್ಳು ಹುಡುಗಿ, ಶಾಲೇಲಿ ಎಲ್ರ ಬಾಯಲ್ಲೂ ಚಿನ್ನದಂಥ ಹುಡುಗಿ, ಮನೇಗ್ ಬಂದ್ರೆ ಹಳೇ ಟ್ರ್ಯಾಕ್ ಸೂಟು, ಕನ್ನಡಕ, ಹೊಗಳಿಸ್ಕೊಳ್ಳೋದಕ್ಕೇ ಹುಟ್ಟಿರೋಳು. ಅರಿಮಾ ಅನ್ನೋ ಹುಡುಗ ಬಂದು ಅವಳ ಫಸ್ಟ್ ರ‍್ಯಾಂಕ್ ಕಿತ್ಕೊಳ್ತಾನೆ, ಆಮೇಲೆ ಅವಳ ಅಸಲಿ ಅವತಾರಾನೂ ನೋಡ್ಬಿಡ್ತಾನೆ. ಆಗ ನಂಗೆ ಅರಿಮಾ ಅಂದ್ರೆ ಪ್ರಾಣ, ಕೆಮಿಸ್ಟ್ರಿ ನೋಟ್ಸ್ ಹಿಂದೆಲ್ಲ ಅವನ ಮುಖಾನೇ ಬರೀತಿದ್ದೆ. ಈಗ 33. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಮೊದಲ 4 ಸಂಪುಟ ಸಿಕ್ತು, ತೆರೆಯೋಕೇ ಒಂಥರಾ ಭಯ, ಇಷ್ಟ ಆಗ್ದೇ ಹೋದ್ರೆ ಆ ವಯಸ್ಸಿನ ನೆನಪೂ ಹಾಳಾಗುತ್ತೇನೋ ಅಂತ. ಜೊತೆಗೆ ಅಕ್ಕನ ಮಗಳು, 14 ವರ್ಷ, ನಂಗೆ ಕೊಡು ಚಿಕ್ಕಿ ಅಂತ ಹಠ ಹಿಡಿದಿದಾಳೆ. ದೊಡ್ಡೋರಾದ್ಮೇಲೆ ಮತ್ತೆ ಓದಿದೋರು ಇದ್ರೆ ಹೇಗನ್ನಿಸ್ತು ಹೇಳಿ, ಅವಳಿಗೆ ಕೊಡ್ಬಹುದಾ?

* * *

ನಾನು ಹೋದ ವರ್ಷ ಬಾಣಂತನದಲ್ಲಿ 21 ಸಂಪುಟಾನೂ ಮತ್ತೆ ಓದಿ ಮುಗಿಸ್ದೆ, ರಾತ್ರಿ ಮಗು ಎದ್ದಾಗೆಲ್ಲ ಒಂದು ಕೈಲಿ ಮಗು ಇನ್ನೊಂದು ಕೈಲಿ ಪುಸ್ತಕ. ಹೇಳ್ಬೇಕಂದ್ರೆ ನಗು ಒಂಚೂರೂ ಕಮ್ಮಿ ಆಗಿಲ್ಲ. ಮನೆಯೋರೇ ಯಾರೋ ಬಂದ್ರು ಅಂದ್ಕೊಂಡು ಯುಕಿನೋ ಹಾರಿ ಒದೀತಾಳಲ್ಲ, ಒದೆ ಬೀಳೋದು ಅರಿಮಾಗೆ, ಆ ಪುಟಕ್ಕೆ ರಾತ್ರಿ 3 ಗಂಟೇಲಿ ನಕ್ಕು ಮಲಗಿಸಿದ್ದ ಮಗೂನ ಮತ್ತೆ ಎಬ್ಬಿಸಿ ಅಮ್ಮನ ಹತ್ರ ಬೈಸ್ಕೊಂಡೆ.

ಆದ್ರೆ ಮುಂಚೆ ನಾನು ಸರ‍್ರಂತ ದಾಟಿಸಿದ್ದ ಒಂದು ಜಾಗ ಈ ಸಲ ಚುಚ್ತು. ಅವನನ್ನ ಸೋಲಿಸ್ಬೇಕು ಅಂತ ಹಲ್ಲು ಕಚ್ಕೊಂಡು ಓದಿ ಪರೀಕ್ಷೇಲಿ ಅವಳೇ ಫಸ್ಟ್ ಬರ್ತಾಳೆ. ಅವನ ಮುಖ ಇಂಗು ತಿಂದ ಮಂಗನ ಥರ ಆಗುತ್ತೆ ಅಂತ ಕಾಯ್ತಿರ್ತಾಳೆ, ಅವನು ನೋಡಿದ್ರೆ ಮನಸಾರೆ ಅಭಿನಂದನೆ ಹೇಳ್ಬಿಡ್ತಾನೆ. ಗೆದ್ದೋಳೇ ಅಲ್ಲಿ ಕುಗ್ಗಿ ಹೋಗ್ತಾಳೆ. 17ರಲ್ಲಿ ನಂಗೆ ಅರಿಮಾ ಎಷ್ಟು ಒಳ್ಳೆಯೋನು ಅಂತ ಮಾತ್ರ ಕಂಡಿತ್ತು. ಈಗ ಅವಳ ನಾಚಿಕೆ ಕಾಣ್ಸುತ್ತೆ, ಯಾಕಂದ್ರೆ ಆಫೀಸಲ್ಲಿ ನಂದೂ ಅಂಥದ್ದೊಂದು ದಿನ ಇದೆ, ಬಿಡಿ ಅದು ಬೇಡ.

ಇನ್ನು ನಿಮ್ಮ ಅರಿಮಾ. ಹುಷಾರು. ಇವನನ್ನ ಹೆತ್ತಮ್ಮ ಹೊಡೆದು ಬಡಿದು ಬಿಟ್ಟು ಹೋಗಿದಾಳೆ, ಸಾಕಿದ್ದು ದೊಡ್ಡಪ್ಪ ದೊಡ್ಡಮ್ಮ, ನೆಂಟರೆಲ್ಲ ಕೆಟ್ಟ ರಕ್ತ ಅಂತ ಮೂಗು ಮುರಿಯೋರು, ಅದಕ್ಕೇ ಬಾಯಿ ತುಂಬ ನಗು ಹಚ್ಕೊಂಡು ಓಡಾಡೋ ಹುಡುಗ. ಯುಕಿನೋಗೆ ಗೆಳತೀರು ಸಿಕ್ತಾ ಹೋದ ಹಾಗೆ ಇವನ ಒಳಗೆ ಕುದಿಯುತ್ತೆ, ಅವಳಿಗೆ ತಾನೊಬ್ನೇ ಇರ್ಬೇಕು, ಆದ್ರೂ ಹೊರಗೆ ಅದೇ ನಗು. ಆಗ ಇದನ್ನೆಲ್ಲ ನಾನು ಪ್ರೀತಿ ಅಂದ್ಕೊಂಡಿದ್ದೆ ನೋಡಿ, ಎಷ್ಟು ಹಚ್ಕೊಂಡಿದಾನೆ ಪಾಪ ಅಂತ. ಈಗ ಓದ್ತಾ ಇದ್ರೆ ಹೊಟ್ಟೇಲಿ ತಳಮಳ. ಹಾಗಂತ ಅವನ ಮೇಲೆ ಕೋಪ ಬರಲ್ಲ, ಅವನನ್ನ ಯಾರಾದ್ರೂ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬಾರ್ದಿತ್ತಾ ಅನ್ಸುತ್ತೆ ಅಷ್ಟೆ. ತ್ಸುದಾ ಅವ್ರಿಗೂ ಅದು ಗೊತ್ತಿತ್ತು ಅಂತ ನಂಗನ್ನಿಸಿದ್ದು, ಕತೆ ಅವನ ಕಡೆ ತಿರುಗಿದ್ಮೇಲೆ ತಮಾಷೆಯೆಲ್ಲ ಪಕ್ಕಕ್ಕಿಟ್ಟು ಪುಟಗಳೇ ಕಪ್ಪಾಗ್ತಾ ಹೋಗುತ್ತೆ, ಇದು ಸರಿ ಅಂತ ಎಲ್ಲೂ ಹೇಳಲ್ಲ. ನೀವು ಓದಿ ಅಂತೀನಿ ನಾನು.

* * *

ನಾ ಮೊದ್ಲ ಇದರ ಅನಿಮೆ, ಅಂದ್ರ ಜಪಾನಿ ಕಾರ್ಟೂನ್ ಸೀರಿಯಲ್, ನೋಡಿದಾಂವ್ರಿ. 1998ರಾಗ ಜಪಾನಿನ ಸ್ಟುಡಿಯೋ ಗೈನಾಕ್ಸ್‌ನವ್ರು ಮಾಡಿದ್ದು, ಡೈರೆಕ್ಟರ್ ಹಿದೆಯಾಕಿ ಆನ್ನೊ ಅನ್ನೋ ಮನಷ್ಯಾ (ಆನ್ನೊ ಅನ್ನೋ ಅಂತ ಬರೀಲಿಕ್ಕೇ ನಗಿ ಬರ್ತದ). 26 ಎಪಿಸೋಡಿಗೆ ನಡಬರಕ ಕೈ ಬಿಟ್ಟಾರ, ಆಗಿನ್ನೂ ಮಂಗಾ ನಡದಿತ್ತಲ್ಲ, ಅದು ಮುಗದಿದ್ದು 2005ರಾಗ. ಕಡೀ ಕಡೀಗೆ ಬರೇ ನಿಂತ ಚಿತ್ರ, 19ನೇದ್ರಾಗಂತೂ ಕಾಗದದ ಚಿತ್ರ ಕತ್ತರಿಸಿ ಕಡ್ಡಿಗೆ ಹಚ್ಚಿ ಗೊಂಬಿ ಆಡಿಸಿದಂಗ ಆಡಿಸ್ಯಾರ, ನಂಗ ಅದ ಭಾಳ ಸೇರ್ತು, ನಮ್ಮ ತಮ್ಮ ಏನಿದು ಅಂತ ಬೈದ ಎದ್ದು ಹೋದ. ಓದಲಿಕ್ಕೆ ಅಂಜಿಕಿ ಆದ್ರ ಮೊದ್ಲ ನಾಕ ಎಪಿಸೋಡ್ ನೋಡ್ರಿ, ಮನಸ್ಸು ಹಿಡೀತಂದ್ರ ಪುಸ್ತಕ ತಗೀರಿ.

* * *

ನಾನು ಹೈಸ್ಕೂಲ್ ಮೇಷ್ಟ್ರು, ಹೆಂಡತಿ ಹೇಳಿದ್ಲು ಅಂತ 40 ದಾಟಿದ ಮೇಲೆ ಮೊದಲನೇ ಸಲ ಓದಿದೋನು, ಹಾಗಾಗಿ ನಿಮ್ಮಷ್ಟು ಭಾವನೆ ಇಲ್ಲ. ನಂಗೆ ಹಿಡಿಸಿದ್ದು ಮಾಹೋ. ಯುಕಿನೋ ನಾಟಕ ಆಡ್ತಿದಾಳೆ ಅಂತ ಕಂಡುಹಿಡಿದು ಕ್ಲಾಸಿನ ಹುಡುಗೀರನ್ನೆಲ್ಲ ಎತ್ತಿಕಟ್ಟಿ ಅವಳನ್ನ ಮಾತಾಡಿಸ್ದಂಗೆ ಮಾಡ್ತಾಳಲ್ಲ, ಆ ಹುಡುಗಿ. ಕೆಟ್ಟೋಳು ಅಂತ ಅಲ್ಲಿಗೇ ಬಿಡಬಹುದಿತ್ತು, ಬಿಟ್ಟಿಲ್ಲ. ಅವಳೂ ಫಸ್ಟ್ ಬರೋ ಆಸೆ ಇರೋಳೇ, ಯುಕಿನೋನೇ ಸ್ವಲ್ಪ ಬೇರೆ ಥರ. ಯುಕಿನೋ ಕೂಡ ಅರಿಮಾನ ನಡುವೆ ತರಲ್ಲ, ತಪ್ಪು ನಂದೂ ಇತ್ತು ಅಂತ ತಾನೇ ಎದುರಿಸ್ತಾಳೆ, ಕೊನೆಗೆ ಇಬ್ರೂ ಸ್ನೇಹಿತರಾಗ್ತಾರೆ. ನಮ್ಮ ಶಾಲೇಲಿ ಎಸ್‌ಎಸ್‌ಎಲ್‌ಸಿ 625ಕ್ಕೆ ಎಷ್ಟು ಅನ್ನೋ ಜಪ ಶುರುವಾದ್ರೆ ಎರಡು ಮೂರು ಯುಕಿನೋ, ಒಂದು ಮಾಹೋ ಪ್ರತಿ ವರ್ಷ ಗ್ಯಾರಂಟಿ. ಟಿಫನ್ ಬಾಕ್ಸ್ ಹಿಡ್ಕೊಂಡು ಒಬ್ಳೇ ಕಾರಿಡಾರಲ್ಲಿ ನಿಂತಿರ್ತಾಳೆ, ಕೇಳಿದ್ರೆ ಏನಿಲ್ಲ ಸಾರ್ ಅಂತಾಳೆ.

ಇನ್ನೊಂದು, ಯುಕಿನೋ ಅರಿಮಾ ಇಬ್ರ ರ‍್ಯಾಂಕೂ ಇಳಿದಾಗ ಮೇಷ್ಟ್ರು ಅಪ್ಪ ಅಮ್ಮನ್ನ ಕರೆಸಿ ಈ ಪ್ರೀತಿ ಗೀತಿ ನಿಲ್ಸಿ ಅನ್ನೋ ಥರ ಮಾತಾಡ್ತಾರೆ, ಮನೆಯೋರು ಮಕ್ಕಳ ಪರವಾಗೇ ನಿಲ್ತಾರೆ. ಹೆಂಡತಿ ಅಲ್ಲಿ ಕಣ್ಣೀರಿಟ್ಲು, ನಾನು ಆ ಮೇಷ್ಟ್ರ ಕುರ್ಚೀಲಿ ಕೂತು ಓದ್ದೆ. ನಾನೂ ಹಾಗೇ ಕರೆಸ್ತಿದ್ದೆನೋ ಏನೋ.

* * *

ಎಲ್ರೂ ಹೊಗಳ್ತಾ ಇದ್ದೀರಿ, ಕೊನೇ ಸಂಪುಟದ ಸುದ್ದಿ ಯಾರೂ ಎತ್ಲೇ ಇಲ್ವಲ್ಲ ಮಾರಾಯ್ರೆ! ನಾನು ಮತ್ತೆ ಓದುವಾಗ 20ನೇದ್ರವರೆಗೆ ಖುಷಿಯಲ್ಲೇ ಇದ್ದದ್ದು. ಶಾಲೆ ಮುಗಿಯುವ ಮೊದ್ಲೇ ಯುಕಿನೋ ಬಸುರಿ, ಅದಾದ್ರೂ ಇರ್ಲಿ, ಮುಂದೆ ಅವಳು ಡಾಕ್ಟರ್ ಆಗ್ತಾಳೆ, ಅರಿಮಾ ಪೊಲೀಸ್ ಆಗ್ತಾನೆ, ಅದೂ ಸರಿ. ಆದ್ರೆ ಅವರ ಮಗಳು ಸಕುರಾ ದೊಡ್ಡವಳಾಗಿ ಮನಸ್ಸು ಕೊಡುವುದು ಯಾರಿಗೆ, ಅಸಾಬಾನಿಗೆ! ಅಪ್ಪನ ಜೀವದ ಗೆಳೆಯ, ಇವಳು ಹುಟ್ಟಿದಾಗಿನಿಂದ ನೋಡಿದವ. 19 ವರ್ಷಕ್ಕೆ ಓದಿದಾಗ ಪಾಪ ಅಸಾಬಾನಿಗೂ ಒಬ್ಬರು ಸಿಕ್ಕಿದ್ರು ಅಂತ ಸಮಾಧಾನ ಆಗಿತ್ತು ನನಗೆ, ಈಗ ನನಗೂ ಒಬ್ಬಳು ಮಗಳು ಇದ್ದಾಳೆ, ಪುಸ್ತಕ ಮುಚ್ಚಿ ಇಟ್ಟದ್ದು ಇನ್ನೂ ತೆಗೀಲಿಲ್ಲ. ತ್ಸುದಾ ಅವರಿಗೆ ಯಾಕೆ ಬೇಕಿತ್ತೋ ಇದು.

14ರ ಹುಡುಗಿಗೆ ಮೊದಲ 7-8 ಸಂಪುಟ ಧಾರಾಳ ಕೊಡಿ. ಆಮೇಲಿನದ್ದು ಸ್ವಲ್ಪ ವರ್ಷ ತಡೀಲಿ, ಹಾಸಿಗೆ ವಿಷಯ ಉಂಟು, ಮಕ್ಕಳಿಗೆ ಹೊಡೆಯುವುದೂ ಉಂಟು. ಕೊಟ್ರೂ ಜೊತೆಗೆ ಕೂತು ಓದಿ.

* * *

ಬಾಣಂತನದೋಳು ಮತ್ತೆ ಬಂದೆ. ಅಸಾಬಾ ವಿಷಯ ಬೇಕಂತಲೇ ಬಿಟ್ಟಿದ್ದೆ, ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ಒಪ್ಪಿದೆ. ನಂಗೆ 21 ಸಂಪುಟದ ಕತೆ 20ಕ್ಕೇ ಮುಗೀತು ಅಷ್ಟೆ.

* * *

ಕೇಳಿದ್ದು ನಾನೇ, ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮೊದಲನೇ ಸಂಪುಟ ತೆಗೆದೆ, ಅಕ್ಕನ ಮಗಳೂ ಪಕ್ಕದಲ್ಲಿ ಬಂದು ಕೂತ್ಲು. ಬಲಗಡೆಯಿಂದ ಎಡಕ್ಕೆ ಓದ್ಬೇಕು ಅಂತ ಹೇಳ್ಕೊಡೋಕೆ ಹೋದ್ರೆ ಗೊತ್ತು ಚಿಕ್ಕಿ ಅಂತ ನಂಗೇ ಪಾಠ. ಅರಿಮಾನ ಎಂಟ್ರಿ, ಹೊಸ ಮಕ್ಕಳ ಪರವಾಗಿ ವೇದಿಕೆ ಮೇಲೆ ಭಾಷಣ ಮಾಡ್ತಾನಲ್ಲ, ಅಲ್ಲಿ ನನ್ನ ಎದೆ ಹಳೇ ಥರಾನೇ ಡವಡವ ಅಂತು, ನಾಚಿಕೆ ಏನಿಲ್ಲ ಹೇಳ್ಕೊಳ್ಳೋಕೆ. ಅವಳು ಮಾತ್ರ ಅವನನ್ನ ಕ್ಯಾರೇ ಅನ್ಲಿಲ್ಲ. ಯುಕಿನೋ ಮನೇಗ್ ಬಂದು ಟ್ರ್ಯಾಕ್ ಸೂಟ್ ಹಾಕ್ಕೊಂಡು ತನ್ನನ್ನ ತಾನೇ ಹೊಗಳ್ಕೊಳ್ಳೋ ಪುಟ ಬಂತು, ನೋಡಿ ಕಿಸಕ್ಕಂತ ನಕ್ಕು, 'ಚಿಕ್ಕಿ, ನೆಂಟರು ಹೋದ್ಮೇಲೆ ನೀನು ಹಿಂಗೇ ಅಲ್ವಾ' ಅಂದ್ಲು. ಅಕ್ಕ ಅಡುಗೆಮನೆಯಿಂದ ಹೌದು ಹೌದು ಅಂತ ಕೂಗಿದ್ಲು.

ಈಗ 3ನೇದು ನಡೀತಿದೆ, ಇಬ್ರದ್ದೂ. 5ರಿಂದ 8ರವರೆಗೆ ಯಾರ ಹತ್ರಾನಾದ್ರೂ ಇದ್ರೆ ತಿಳ್ಸಿ, ಇಂಗ್ಲಿಷ್ ಪ್ರಿಂಟ್ ಈಗ ಹೊಸದಾಗಿ ಬರ್ತಿಲ್ಲ, ಹಳೇದಾದ್ರೂ ಪರ್ವಾಗಿಲ್ಲ, ಪುಟ ಹರಿದಿರಬಾರ್ದು ಅಷ್ಟೆ.