ಅಪ್‌ಡೇಟ್: ಅಕ್ಕನಿಗೆ ಲೈಪೊಸಕ್ಷನ್ ಮಾಡಿಸಲಿಲ್ಲ

ಲೈಪೊಸಕ್ಷನ್ (ಕೊಬ್ಬು ಹೀರಿ ತೆಗೆಯುವ ಸರ್ಜರಿ) ಮಾಡಿಸಿದರೆ ಅಕ್ಕನ ತೂಕ, ಶುಗರ್ ಎರಡೂ ಇಳಿಯುತ್ತಾ ಅಂತ ಕಳೆದ ವರ್ಷ ಕೇಳಿದ್ದೆ. ಆಗ ಅವಳು 98 ಕೆಜಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 39. ಬೇಡ ಅಂದವರಿಗೆಲ್ಲ ಥ್ಯಾಂಕ್ಸ್.

ಡಾಕ್ಟರ್ ಹೇಳಿದ್ದೂ ಅದೇ. ಲೈಪೊಸಕ್ಷನ್ ಚರ್ಮದ ಕೆಳಗಿನ ಕೊಬ್ಬನ್ನಷ್ಟೇ ತೆಗೆಯುತ್ತದೆ. ಶುಗರ್ ಕೆಡಿಸುವ ಕೊಬ್ಬು ಜಾಸ್ತಿ ಇರುವುದು ಹೊಟ್ಟೆಯೊಳಗೆ, ಲಿವರ್‌ನಲ್ಲಿ. ಕೊನೆಗೆ ತೂಕ ಇಳಿಸುವ ಸ್ಲೀವ್ ಸರ್ಜರಿ ಮಾಡಿಸಿದೆವು. ಜಠರದ ಮುಕ್ಕಾಲು ಭಾಗ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದೂ ಆ ಭಾಗದಲ್ಲೇ.

ಮೊದಲ ವಾರಗಳು ತುಂಬಾ ಕಷ್ಟವಿತ್ತು. ಪುಟ್ಟ ಸ್ಟೀಲ್ ಲೋಟದ ಗಂಜಿ ಮುಗಿಸಲು ಅರ್ಧ ಗಂಟೆ. ಎರಡು ಚಮಚ ಜಾಸ್ತಿಯಾದರೂ ಎದೆ ಒತ್ತಿದಂತಾಗಿ ಸುಮ್ನೆ ಕೂತುಬಿಡುತ್ತಿದ್ದಳು. ಮೂರನೇ ತಿಂಗಳು ಕೂದಲು ಉದುರತೊಡಗಿತು, ಆಗ ಅತ್ತುಬಿಟ್ಟಳು. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಬೇಕಿತ್ತು, ಅಲ್ವಾ?

ಈಗ ಎಂಟು ತಿಂಗಳು, 71 ಕೆಜಿ. ಇನ್ಸುಲಿನ್ ನಿಂತಿದೆ, ಶುಗರ್‌ಗೆ ಒಂದೇ ಮಾತ್ರೆ. ವಿಟಮಿನ್ ಮಾತ್ರೆ ಮಾತ್ರ ಜೀವನಪೂರ್ತಿ. ತೋಳು, ಹೊಟ್ಟೆಯ ಚರ್ಮ ಜೋತುಬಿದ್ದಿದೆ. ಅದಕ್ಕೆ ಕಾಸ್ಮೆಟಿಕ್ ಸರ್ಜರಿ ಬೇಕಿದ್ದರೆ ತೂಕ ಒಂದು ಕಡೆ ನಿಂತ ಮೇಲೆ, ಸರ್ಜರಿಯಾಗಿ ಒಂದೂವರೆ ವರ್ಷ ಕಳೆಯಲಿ ಅಂದಿದ್ದಾರೆ. ಅಕ್ಕನಿಗೆ ಸದ್ಯಕ್ಕೆ ಆ ಚಿಂತೆಯಿಲ್ಲ. ಮೊನ್ನೆ ಮಗಳ ಕೈ ಹಿಡಿದು ಮೂರು ಮಹಡಿ ನಿಲ್ಲದೆ ಹತ್ತಿದಳು.