ಸಹಾಯ ಬೇಕು: ರೆಡಿಂಗ್‌ನಲ್ಲಿ ಫ್ಲಾಟ್ ಕೊಳ್ಳಲು ಒಳ್ಳೆಯ ಸಾಲಿಸಿಟರ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್‌ಗೆ ನಮ್ಮ ಆಫರ್ ಒಪ್ಪಿದ್ದಾರೆ. ಈಗ ಕನ್ವೇಯನ್ಸಿಂಗ್‌ಗೆ, ಅಂದರೆ ಆಸ್ತಿ ನಮ್ಮ ಹೆಸರಿಗೆ ಮಾಡಿಸುವ ಕಾನೂನು ಕೆಲಸಕ್ಕೆ, ಸಾಲಿಸಿಟರ್ (ವಕೀಲರು) ಬೇಕು. ಎಸ್ಟೇಟ್ ಏಜೆಂಟ್ ತಮ್ಮ ಕಡೆಯವರನ್ನೇ ಹಿಡಿಯಿರಿ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಅದರಲ್ಲಿ ಅವರಿಗೆ ಕಮಿಷನ್ ಇದೆ. ನಮ್ಮ ಪರವಾಗಿ ಕಾಗದ ಓದುವವರನ್ನು ನಾವೇ ಆರಿಸಿಕೊಳ್ಳಬೇಕು, ಅಲ್ವಾ?

ಇದು ಲೀಸ್‌ಹೋಲ್ಡ್, ಅಂದರೆ ಲೀಸ್‌ನಲ್ಲಿರುವಷ್ಟು ವರ್ಷ ಮಾತ್ರ ಫ್ಲಾಟ್ ನಮ್ಮದು. ಉಳಿದಿರುವುದು 83 ವರ್ಷ. 80ಕ್ಕಿಂತ ಕೆಳಗಿಳಿದರೆ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ, ಮುಂದೆ ಮಾರುವುದೂ ಕಷ್ಟ. ಲೀಸ್ ವಿಸ್ತರಿಸಲು ಕೊಂಡ ಮೇಲೆ ಎರಡು ವರ್ಷ ಕಾಯಬೇಕೆಂಬ ನಿಯಮ 2025ರ ಜನವರಿಯಲ್ಲಿ ಹೋಗಿದೆ, ಕೊಂಡ ತಕ್ಷಣ ಲೀಸ್ ವಿಸ್ತರಣೆ ಕೇಳಬಹುದು. ಆ ಕೆಲಸವನ್ನೂ ಮಾಡುವವರಾದರೆ ತುಂಬಾ ಒಳ್ಳೆಯದು. ಸರ್ವಿಸ್ ಚಾರ್ಜ್ (ಕಟ್ಟಡ ನಿರ್ವಹಣೆಯ ಖರ್ಚು), ಗ್ರೌಂಡ್ ರೆಂಟ್ (ಜಾಗದ ಮಾಲೀಕರಿಗೆ ಕೊಡುವ ಬಾಡಿಗೆ) ಲೆಕ್ಕವನ್ನೂ ಸರಿಯಾಗಿ ನೋಡಬೇಕು.

ಇನ್ನೊಂದು ದೊಡ್ಡ ಚಿಂತೆ ದುಡ್ಡಿನದು. ಡಿಪಾಸಿಟ್‌ನಲ್ಲಿ ಒಂದು ಭಾಗ ಅಪ್ಪ ಮೈಸೂರಿನ ಸೈಟ್ ಮಾರಿ ಕೊಡುತ್ತಿದ್ದಾರೆ. ಹಣ ಎಲ್ಲಿಂದ ಬಂತು ಅಂತ ಇಲ್ಲಿ ಪೂರ್ತಿ ವಿಚಾರಿಸುತ್ತಾರೆ. ಗಿಫ್ಟ್ ಲೆಟರ್, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ರೆಡಿ ಇವೆ. ಆದರೆ ಕ್ರಯಪತ್ರ ಕನ್ನಡದಲ್ಲಿದೆ. ಯಾರಾದರೂ ಇಂಥ ಪತ್ರ ಅನುವಾದ ಮಾಡಿಸಿ ಕೊಟ್ಟಿದ್ದೀರಾ? ನೋಟರಿ ಮುದ್ರೆ ಕೇಳಿದರಾ?

ಊರಿಂದ ಬರುವ ಹಣದ ಕೇಸು ಮಾಡಿ ಅಭ್ಯಾಸವಿರುವವರು, ಬ್ಯಾಂಕಿನ ಪ್ಯಾನೆಲ್‌ನಲ್ಲಿ (ಸಾಲ ಕೊಡುವ ಬ್ಯಾಂಕ್ ಒಪ್ಪಿದವರ ಪಟ್ಟಿಯಲ್ಲಿ) ಇರುವವರು, ಈಮೇಲ್‌ಗೆ ಉತ್ತರ ಕೊಡುವವರು ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಫೀಸು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಶುಕ್ರವಾರದೊಳಗೆ ಏಜೆಂಟ್‌ಗೆ ಹೆಸರು ಹೇಳಬೇಕು.